ಡಿಗ್ಸ್ ಬಂದಾಗ ಬಫಲೋ ಗೆದ್ದಿತು, ಹೋದ ಮೇಲೂ ಗೆದ್ದಿತು: ಹಾಗಾದರೆ ರಿಸೀವರ್‌ನ ಬೆಲೆ ಎಷ್ಟು?

ಪ್ರಶ್ನೆ: ನಾವು ಮೂಲತಃ ಶಿವಮೊಗ್ಗದ ಕಡೆಯವರು, ಈಗ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿದ್ದೇವೆ. ಮಗನ ದೆಸೆಯಿಂದ ನನಗೂ ಅಮೆರಿಕನ್ ಫುಟ್‌ಬಾಲ್ ರುಚಿ ಹತ್ತಿತು. ಮನೆಮಂದಿಯೆಲ್ಲ ಬಫಲೋ ಬಿಲ್ಸ್ ಕಡೆಯವರು. ಪ್ರತಿ ವರ್ಷ ಮಾರ್ಚ್‌ನಲ್ಲಿ ಯಾವುದಾದರೂ ತಂಡ ಚೆಂಡು ಹಿಡಿಯುವ ಹೆಸರಾಂತ ರಿಸೀವರ್ ಒಬ್ಬನನ್ನು ತಂದುಕೊಂಡಿತೆಂದರೆ ಅಪ್ಪ ಮಗನ ಜಗಳ ಶುರು. 'ಇನ್ನು ಆ ತಂಡಕ್ಕೆ ಎದುರಿಲ್ಲ' ಎನ್ನುತ್ತಾನೆ ಮಗ. 2020ರಲ್ಲಿ ರಿಸೀವರ್ ಸ್ಟೆಫಾನ್ ಡಿಗ್ಸ್ ಬಂದದ್ದೇ ಬಂದದ್ದು, ಚೆಂಡು ಎಸೆಯುವ ನಮ್ಮ ಜೋಶ್ ಆಲೆನ್ ಬೇರೆಯೇ ಆಟಗಾರರಾದರು ಎಂಬುದು ಅವನ ಸಾಕ್ಷಿ. ಹಾಗಾದರೆ 2024ರಲ್ಲಿ ಡಿಗ್ಸ್ ಇಲ್ಲದೆಯೂ ತಂಡ 13 ಪಂದ್ಯ ಗೆದ್ದು, ಆಲೆನ್ ಲೀಗಿನ ಅತ್ಯಮೂಲ್ಯ ಆಟಗಾರರಾದದ್ದು ಹೇಗೆ ಎಂದು ಕೇಳಿದರೆ '2007ರ ಪೇಟ್ರಿಯಟ್ಸ್ ರಿಸೀವರ್ ರ್ಯಾಂಡಿ ಮಾಸ್ ಅವರನ್ನು ನೋಡು' ಎಂದು ಮಾತು ತಿರುಗಿಸುತ್ತಾನೆ. ನಿಜವಾಗಿ ಒಬ್ಬ ರಿಸೀವರ್ ಬಂದರೆ ತಂಡ ಎಷ್ಟು ಸುಧಾರಿಸುತ್ತದೆ? ಹೊಸಬ ಬಂದಾಗ ಏನನ್ನು ನೋಡಿ ಹೇಳಬೇಕು?

ಉತ್ತರ: ಬಂದಾಗ ತಂಡ ಮೇಲೆದ್ದಿತು, ಹೋದಾಗ ಕೆಳಗಿಳಿಯಲಿಲ್ಲ. ನಿಮ್ಮನ್ನು ಕಾಡುತ್ತಿರುವ ಗಂಟು ಇದೇ. ಇದನ್ನು ಬಿಡಿಸಲು ಡಿಗ್ಸ್ ಅವರಿಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಎದುರಾಳಿಗಳ ಆಟದ ವಿಡಿಯೊ ನೋಡಿ, ಒಂದೊಂದು ಆಟವನ್ನೂ ಗುರುತು ಹಾಕಿ, ತರಬೇತುದಾರರಿಗೆ ಟಿಪ್ಪಣಿ ಮಾಡಿಕೊಡುವುದು ನನ್ನ ಕೆಲಸ. ಆ ಅನುಭವದಿಂದ ನೇರವಾಗಿ ಹೇಳುತ್ತೇನೆ: ಅತ್ಯುತ್ತಮ ರಿಸೀವರ್ ಕೂಡ ತನ್ನ ಕೈಯಾರೆ ತಂದುಕೊಡುವುದು ಋತುವಿಗೆ ಒಂದು ಗೆಲುವು, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ. ಅದಕ್ಕಿಂತ ಹೆಚ್ಚು ಸಿಗುವುದು, ಚೆಂಡು ಎಸೆಯುವವನು ಬೆಳೆಯುವ ಹಂತದಲ್ಲಿದ್ದು, ಅವನಿಗೆ ಬೇಕಾದದ್ದೇ ಇವನಲ್ಲಿ ಇದ್ದಾಗ ಮಾತ್ರ.

ಈ ಆಟದ ಪರಿಚಯ ಕಡಿಮೆ ಇರುವ ಓದುಗರಿಗಾಗಿ ಎರಡು ಮಾತು. ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವವನು. ರಿಸೀವರ್ ಓಡಿಹೋಗಿ ಹಿಡಿಯುವವನು. ಎಸೆಯುವವನ ಮುಂದೆ ಐವರು ದೈತ್ಯರು ನಿಂತು, ಮೇಲೆರಗುವ ಎದುರಾಳಿಗಳನ್ನು ಎರಡೂವರೆ ಮೂರು ಸೆಕೆಂಡು ತಡೆಯಬೇಕು. ಈ ಮೂರರಲ್ಲಿ ಒಂದು ಕಳಚಿದರೂ ಹಿಡಿಯುವವನ ಕೈಗೆ ಏನೂ ಬರುವುದಿಲ್ಲ. ಬೌಲರ್ ಬ್ಯಾಟಿನ ಅಂಚು ತಾಗಿಸದಿದ್ದರೆ ಸ್ಲಿಪ್‌ನಲ್ಲಿ ರಾಹುಲ್ ದ್ರಾವಿಡ್ ನಿಂತಿದ್ದರೂ ಕ್ಯಾಚ್ ಎಲ್ಲಿಂದ ಬರಬೇಕು?

ಈಗ ಬಫಲೋ ಲೆಕ್ಕ ತೆಗೆಯೋಣ. 2019ರಲ್ಲಿ ತಂಡ 10 ಗೆದ್ದು 6 ಸೋತಿತು, ಒಟ್ಟು 314 ಅಂಕ ಗಳಿಸಿತು. 2020ರ ಮಾರ್ಚ್‌ನಲ್ಲಿ ಮಿನೆಸೋಟ ವೈಕಿಂಗ್ಸ್‌ಗೆ ಡ್ರಾಫ್ಟ್‌ನ, ಅಂದರೆ ತಂಡಗಳು ಪ್ರತಿ ವರ್ಷ ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿಯ, ಮೊದಲ ಸುತ್ತಿನ 22ನೆಯ ಆಯ್ಕೆಯ ಜೊತೆಗೆ ಇನ್ನೂ ಕೆಲವು ಆಯ್ಕೆಗಳನ್ನು ಕೊಟ್ಟು ಡಿಗ್ಸ್ ಅವರನ್ನು ತಂದರು. ಆ ಋತುವಿನಲ್ಲಿ 13 ಗೆಲುವು, 3 ಸೋಲು, 501 ಅಂಕ. ಡಿಗ್ಸ್ 127 ಬಾರಿ ಚೆಂಡು ಹಿಡಿದು 1,535 ಗಜ ಗಳಿಸಿದರು. ಎರಡರಲ್ಲೂ ಲೀಗಿಗೇ ಮೊದಲಿಗರು. ಆಲೆನ್ ಅವರ ಎಸೆತಗಳಲ್ಲಿ ಗುರಿ ಮುಟ್ಟಿದವು ಶೇ 58.8ರಿಂದ ಶೇ 69.2ಕ್ಕೆ ಏರಿದವು. ಎದುರಿಗೆ ಇಷ್ಟು ಇಟ್ಟರೆ ಯಾರಾದರೂ ನಿಮ್ಮ ಮಗನ ಮಾತನ್ನೇ ಹೇಳುತ್ತಾರೆ.

ಆದರೆ ಒಂದು ಗುಣಾಕಾರ ಮಾಡಿ ನೋಡಿ. ಆ ವರ್ಷ ಡಿಗ್ಸ್ ಕಡೆಗೆ ಎಸೆದ ಚೆಂಡುಗಳು 166. ಅವರಿಗೆ ಎಸೆದ ಪ್ರತಿ ಚೆಂಡಿಗೂ ಸರಾಸರಿ 9.2 ಗಜ ಬಂತು. ಹಿಂದಿನ ವರ್ಷ ಆಲೆನ್ ಅವರ ಪ್ರತಿ ಎಸೆತಕ್ಕೆ ಬರುತ್ತಿದ್ದದ್ದು 6.7 ಗಜ. ಅಂದರೆ ಆ 166 ಚೆಂಡುಗಳು ಹಳೆಯ ಸರಾಸರಿಯಲ್ಲೇ ಹೋಗಿದ್ದರೆ ಸಿಗುತ್ತಿದ್ದುದಕ್ಕಿಂತ ಸುಮಾರು 420 ಗಜ ಹೆಚ್ಚು. ಈ ಲೀಗಿನಲ್ಲಿ ಸ್ಥೂಲವಾಗಿ 15 ಗಜಕ್ಕೆ ಒಂದು ಅಂಕ ಬೀಳುತ್ತದೆ. 420 ಗಜ ಎಂದರೆ 28 ಅಂಕ. ಇಡೀ ಋತುವಿನಲ್ಲಿ 35ರಿಂದ 40 ಅಂಕ ಹೆಚ್ಚಿಗೆ ಗಳಿಸಿದರೆ ಒಂದು ಗೆಲುವು ಹೆಚ್ಚುತ್ತದೆ ಎಂಬುದು ನಾವೆಲ್ಲ ಬಳಸುವ ಅಂದಾಜು. ಹಾಗಾಗಿ ಲೀಗಿನ ಅಗ್ರ ರಿಸೀವರ್ ತನ್ನ ಕೈಯಿಂದ ತಂದದ್ದು ಒಂದು ಗೆಲುವಿಗೂ ತುಸು ಕಡಿಮೆ. ಬಫಲೋ ಅಂಕ ಏರಿದ್ದು 187. ಉಳಿದ 159 ಎಲ್ಲಿಂದ ಬಂತು?

ಕೆಲವು ಅಂಕ ಎಲ್ಲರಿಗೂ ಬಂದವು. 2020 ಕೋವಿಡ್ ವರ್ಷ, ಕ್ರೀಡಾಂಗಣಗಳು ಖಾಲಿ. ಎದುರಾಳಿಯ ನೆಲದಲ್ಲಿ ಆಡುವಾಗ ಕಿವಿಗಡಚಿಕ್ಕುವ ಕೂಗು ಇರಲಿಲ್ಲ, ಹಾಗಾಗಿ ದಾಳಿಯ ತಂಡಗಳಿಗೆ ಮಾತು, ಸನ್ನೆ ಎಲ್ಲ ಸಲೀಸಾಯಿತು. ಪ್ರತಿ ತಂಡದ ಸರಾಸರಿ ಪಂದ್ಯಕ್ಕೆ 24.8 ಅಂಕ ಮುಟ್ಟಿತು. ಅದು ಲೀಗಿನ ಇತಿಹಾಸದಲ್ಲೇ ಗರಿಷ್ಠ. ಕೆಲವು ಅಂಕ ಆಲೆನ್ ಅವರದೇ. ಆಗ ಅವರಿಗೆ 24 ವರ್ಷ, ಲೀಗಿನಲ್ಲಿ ಮೂರನೆಯ ಋತು. ದಾಳಿಯ ಹೊಣೆ ಹೊತ್ತಿದ್ದ ಬ್ರಯಾನ್ ಡಾಬಲ್ ಜೊತೆಗೂ ಮೂರನೆಯ ವರ್ಷ. ಎಸೆಯುವಾಗ ಕಾಲು, ಸೊಂಟ ಹೇಗಿರಬೇಕು ಎಂಬುದನ್ನು ಅವರು ಬಿಡುವಿನ ತಿಂಗಳುಗಳಲ್ಲಿ ತಿದ್ದಿಕೊಂಡಿದ್ದರು. ಡಿಗ್ಸ್ ಅವರನ್ನು ಬಿಟ್ಟು ಉಳಿದವರಿಗೆ ಎಸೆದ ಚೆಂಡುಗಳ ಸರಾಸರಿಯೂ ಆ ವರ್ಷ 7 ಗಜ ದಾಟಿತು. ಡಿಗ್ಸ್‌ಗಿಂತ ಮೊದಲೇ ತಂಡದಲ್ಲಿದ್ದ ರಿಸೀವರ್ ಕೋಲ್ ಬೀಸ್ಲಿ 778 ಗಜದಿಂದ 967ಕ್ಕೆ ಏರಿದರು.

ಅಷ್ಟಾದರೂ ನಿಮ್ಮ ಮಗನ ಮಾತನ್ನು ಇಲ್ಲಿಗೇ ತಳ್ಳಿಹಾಕಬೇಡಿ. ಬೀಸ್ಲಿ ಏರಿದ್ದರಲ್ಲಿ ಡಿಗ್ಸ್ ಪಾಲೂ ಇದೆ, ಮತ್ತು ಅದು ಯಾವ ಕೋಷ್ಟಕದಲ್ಲೂ ಅವರ ಹೆಸರಿನ ಮುಂದೆ ಬರುವುದಿಲ್ಲ. ಟಿವಿಯಲ್ಲಿ ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ. ನಾವು ನೋಡುವುದು ಮೈದಾನದ ತುದಿಯಲ್ಲಿ ಎತ್ತರಕ್ಕೆ ಇಟ್ಟ ಕ್ಯಾಮೆರಾದ ದೃಶ್ಯ. ಅದರಲ್ಲಿ 22 ಮಂದಿಯೂ ಕಾಣುತ್ತಾರೆ. ನಾನು ಮೊದಲು ಕಣ್ಣಿಡುವುದು ಸೇಫ್ಟಿಯ ಪಾದಗಳ ಮೇಲೆ. ಸೇಫ್ಟಿ ಎಂದರೆ ರಕ್ಷಣೆಯಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲುವವನು. ಎಡತುದಿಯಲ್ಲಿ ಸಾಧಾರಣ ರಿಸೀವರ್ ಇದ್ದರೆ ಅವನು ನಡುವಿನಲ್ಲೇ ಮೊಣಕಾಲು ಬಗ್ಗಿಸಿ ನಿಂತಿರುತ್ತಾನೆ, ಮುಂದಕ್ಕೆ ನುಗ್ಗಲು ತಯಾರು. ಅಲ್ಲಿ ಡಿಗ್ಸ್‌ನಂಥವರು ಬಂದು ನಿಂತರೆ, ಚೆಂಡು ಏಳುವ ಮೊದಲೇ ಅವನು ಎಡಕ್ಕೆ ಮೂರು ಹೆಜ್ಜೆ ಜರುಗುತ್ತಾನೆ, ಚೆಂಡು ಎದ್ದೊಡನೆ ಬೆನ್ನು ಹಿಂದಕ್ಕೆ ಮಾಡಿ ಓಡುತ್ತಾನೆ. ಬಲಗಡೆ ನಡುವಿನಲ್ಲಿ ಬೀಸ್ಲಿಯಂಥ ಚಿಕ್ಕ ಆಳು ಎಂಟು ಗಜ ಓಡಿ ತಿರುಗಿದಾಗ ಅಲ್ಲಿ ಯಾರೂ ಇರುವುದಿಲ್ಲ. ಡಿಗ್ಸ್ ಚೆಂಡು ಮುಟ್ಟಲೇ ಇಲ್ಲ, ಆದರೂ ಆ ಎಂಟು ಗಜದಲ್ಲಿ ಅವರದೂ ಕೆಲಸ ಇದೆ.

ಡಿಗ್ಸ್ ಅವರ ನಿಜವಾದ ಬಂಡವಾಳ ವೇಗವಲ್ಲ, ಓಟದ ಖಚಿತತೆ. 12 ಗಜ ಓಡಿ ನಿಂತು ತಿರುಗಬೇಕೆಂದರೆ ಅವರು 12ಕ್ಕೇ ತಿರುಗುತ್ತಾರೆ. ಹನ್ನೊಂದಕ್ಕಲ್ಲ, ಹದಿಮೂರಕ್ಕಲ್ಲ. ಅದುವರೆಗೆ ಆಲೆನ್ ಅವರಿಗಿದ್ದ ದೊಡ್ಡ ತೊಂದರೆ, ಆಟಗಾರ ಬಿಡುವಾಗಿದ್ದಾನೆ ಎಂದು ಕಣ್ಣಾರೆ ಕಂಡ ಮೇಲೆ ಎಸೆಯುವುದು. ಅಷ್ಟರಲ್ಲಿ ಅರ್ಧ ಸೆಕೆಂಡು ಹೋಗಿರುತ್ತದೆ, ಕಾವಲಿನವನು ಬಂದಿರುತ್ತಾನೆ. ಇವರು ಇಂಥ ಕಡೆ ಇಂಥ ಹೊತ್ತಿಗೆ ಇದ್ದೇ ಇರುತ್ತಾರೆ ಎಂಬ ನೆಚ್ಚಿಕೆ ಬಂದ ಮೇಲೆ, ಅವರು ತಿರುಗುವ ಮೊದಲೇ ಚೆಂಡು ಕೈ ಬಿಡತೊಡಗಿತು. ಒಮ್ಮೆ ಕೈಗೆ ಹತ್ತಿದ ಈ ಅಭ್ಯಾಸ ಡಿಗ್ಸ್ ಹೋದಾಗ ಅವರ ಜೊತೆ ಹೋಗುವಂಥದ್ದಲ್ಲ. 2024ರ ಒಗಟಿಗೆ ಅರ್ಧ ಉತ್ತರ ಇದೇ ಎಂಬುದು ನನ್ನ ತೀರ್ಮಾನ.

ಉಳಿದರ್ಧ ಬೇರೆ ಕಡೆ ಇದೆ. 2024ರಲ್ಲಿ ಆಲೆನ್ ಚೆಂಡು ಕೈಯಲ್ಲಿದ್ದಾಗ ಎದುರಾಳಿಗಳ ಹಿಡಿತಕ್ಕೆ ಸಿಕ್ಕಿ ಬಿದ್ದದ್ದು ಇಡೀ ಋತುವಿನಲ್ಲಿ 14 ಸಲ ಮಾತ್ರ. ತಂಡ ಚೆಂಡನ್ನು ಎದುರಾಳಿಗೆ ಬಿಟ್ಟುಕೊಟ್ಟದ್ದು 8 ಸಲ. ಎರಡೂ ಅಪರೂಪದ ಸಂಖ್ಯೆಗಳು. ಅತಿ ಹೆಚ್ಚು ಗಜ ಗಳಿಸಿದ ಖಲೀಲ್ ಶಕೀರ್ ಅವರದೇ 821 ಗಜ, ಅಂದರೆ ಸಾವಿರ ದಾಟಿದವರು ಒಬ್ಬರೂ ಇಲ್ಲ. ಆದರೂ 525 ಅಂಕ, 2020ಕ್ಕಿಂತ ಹೆಚ್ಚು. ಮುಂದೆ ನಿಲ್ಲುವ ಆ ಐವರು ಎಸೆಯುವವನಿಗೆ ಹೊತ್ತು ಕೊಟ್ಟರೆ ನಾಲ್ಕೈದು ಮಂದಿ ಸಾಧಾರಣ ರಿಸೀವರ್‌ಗಳಲ್ಲಿ ಯಾರಾದರೊಬ್ಬರು ಬಿಡುವಾಗಿಯೇ ಆಗುತ್ತಾರೆ. ಈ ಐವರ ಬಗ್ಗೆ ಮಾರ್ಚ್‌ನಲ್ಲಿ ಯಾರ ಮನೆಯಲ್ಲೂ ಜಗಳವಾಗುವುದಿಲ್ಲ ಎಂಬುದು ನನಗೆ ಸದಾ ನೋವಿನ ವಿಷಯ.

ಡಿಗ್ಸ್ ಮುಂದೆ ಹೋದ ಕಡೆಗಳನ್ನೂ ನೋಡಿ. 2024ರಲ್ಲಿ ಹ್ಯೂಸ್ಟನ್ ಟೆಕ್ಸನ್ಸ್ ಸೇರಿದರು, ಎಂಟು ಪಂದ್ಯಗಳ ಬಳಿಕ ಮೊಣಕಾಲಿನ ಗಾಯದಿಂದ ಹೊರಗುಳಿದರು. ಆ ತಂಡ ಅವರು ಬರುವ ಮುಂಚೆ 10 ಗೆದ್ದು 7 ಸೋತಿತ್ತು, ಬಂದ ವರ್ಷವೂ ಅಷ್ಟೇ. 2025ರಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಸೇರಿದರು. ಹಿಂದಿನ ವರ್ಷ ನಾಲ್ಕೇ ಪಂದ್ಯ ಗೆದ್ದಿದ್ದ ತಂಡ 14 ಗೆದ್ದು ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ವರೆಗೆ ಹೋಯಿತು. ಹತ್ತು ಗೆಲುವಿನ ಜಿಗಿತವನ್ನು ಮೂವತ್ತು ದಾಟಿದ ರಿಸೀವರ್ ಒಬ್ಬರ ಲೆಕ್ಕಕ್ಕೆ ಬರೆಯಲಾದೀತೇ? ಅದೇ ವರ್ಷ ಮೈಕ್ ವ್ರೇಬಲ್ ಮುಖ್ಯ ತರಬೇತುದಾರರಾಗಿ ಬಂದಿದ್ದರು, ಡ್ರೇಕ್ ಮೇ ಎರಡನೆಯ ವರ್ಷದ ಕ್ವಾರ್ಟರ್‌ಬ್ಯಾಕ್ ಆಗಿದ್ದರು, ರಕ್ಷಣೆಗೂ ಹಣ ಸುರಿದಿದ್ದರು. ಆದರೆ ಇಲ್ಲೂ ಎಳೆಯ ಕ್ವಾರ್ಟರ್‌ಬ್ಯಾಕ್ ಪಕ್ಕಕ್ಕೆ ನೆಚ್ಚಿಕೆಯ ರಿಸೀವರ್ ಬಂದರು ಎಂಬುದನ್ನು ಗಮನಿಸಿ.

ಒಬ್ಬರ ಕಥೆಯಿಂದ ಎಲ್ಲರ ಬಗ್ಗೆ ತೀರ್ಪು ಕೊಡುವುದು ಸರಿಯಲ್ಲ. ಅದೃಷ್ಟಕ್ಕೆ 2022ರ ವಸಂತ ನಮಗೊಂದು ಒಳ್ಳೆಯ ಹೋಲಿಕೆಯನ್ನು ಕೊಟ್ಟಿದೆ. ಕೆಲವೇ ವಾರಗಳಲ್ಲಿ ಮೂವರು ಮೊದಲ ದರ್ಜೆಯ ರಿಸೀವರ್‌ಗಳು ತಂಡ ಬದಲಿಸಿದರು. ಟೈರೀಕ್ ಹಿಲ್ ಕ್ಯಾನ್ಸಸ್ ಸಿಟಿ ಚೀಫ್ಸ್‌ನಿಂದ ಮಯಾಮಿಗೆ, ದವಾಂಟೆ ಆ್ಯಡಮ್ಸ್ ಗ್ರೀನ್ ಬೇಯಿಂದ ಲಾಸ್ ವೇಗಸ್ ರೇಡರ್ಸ್‌ಗೆ, ಎ.ಜೆ. ಬ್ರೌನ್ ಟೆನೆಸಿಯಿಂದ ಫಿಲಡೆಲ್ಫಿಯಾ ಈಗಲ್ಸ್‌ಗೆ. ಮೂವರೂ ಹೊಸ ಜಾಗದಲ್ಲಿ ಅಮೋಘವಾಗಿ ಆಡಿದರು. ಹಿಲ್ 1,710 ಗಜ, ಆ್ಯಡಮ್ಸ್ 1,516, ಬ್ರೌನ್ 1,496. ಈಗ ತಂಡಗಳನ್ನು ನೋಡಿ. ಮಯಾಮಿ ಹಿಂದಿನ ವರ್ಷ 9 ಗೆದ್ದಿತ್ತು, ಈಗಲೂ 9. ರೇಡರ್ಸ್ 10ರಿಂದ 6ಕ್ಕೆ ಕುಸಿಯಿತು. ಈಗಲ್ಸ್ 9ರಿಂದ 14ಕ್ಕೇರಿ ಸೂಪರ್ ಬೌಲ್ ಆಡಿತು.

ಹಾಗಾಗಿ 'ಅವನು ಸಾವಿರದೈನೂರು ಗಜ ಗಳಿಸಿದ, ಆದ್ದರಿಂದ ಒಪ್ಪಂದ ಗೆದ್ದಿತು' ಎಂಬ ಮಾತನ್ನು ದಯವಿಟ್ಟು ಮನೆಯಲ್ಲಿ ಯಾರೂ ಆಡದಂತೆ ನೋಡಿಕೊಳ್ಳಿ. ಆ್ಯಡಮ್ಸ್ ಆ ವರ್ಷ 14 ಟಚ್‌ಡೌನ್ (ಎದುರಾಳಿಯ ಕೊನೆಯ ಗೆರೆ ದಾಟಿ ಪಡೆಯುವ ಅಂಕ) ಗಳಿಸಿ ರಿಸೀವರ್‌ಗಳಲ್ಲಿ ಮೊದಲಿಗರಾದರು. ಅವರ ಆಟದಲ್ಲಿ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ರಕ್ಷಣೆಯಲ್ಲಿ, ಮುಂದಿದ್ದ ಪಂದ್ಯಗಳನ್ನು ಕೈಚೆಲ್ಲುವ ಅಭ್ಯಾಸದಲ್ಲಿ. ಋತು ಮುಗಿಯುವ ಮೊದಲೇ ಕ್ವಾರ್ಟರ್‌ಬ್ಯಾಕ್ ಡೆರೆಕ್ ಕಾರ್ ಅವರನ್ನು ಬೆಂಚಿಗೆ ಕೂರಿಸಿದರು. ಮಯಾಮಿಯ 9 ಗೆಲುವು ಮಾತ್ರ ಮೇಲ್ನೋಟಕ್ಕೆ ಮೋಸ ಮಾಡುವ ಸಂಖ್ಯೆ. ಕ್ವಾರ್ಟರ್‌ಬ್ಯಾಕ್ ಟುವಾ ಟಂಗೊವೈಲೋವಾ ಆರಂಭಿಸಿದ 13 ಪಂದ್ಯಗಳಲ್ಲಿ ತಂಡ 8 ಗೆದ್ದಿತ್ತು. ತಲೆಗೆ ಪೆಟ್ಟಾಗಿ ಅವರು ಹೊರಗಿದ್ದ 4 ಪಂದ್ಯಗಳಲ್ಲಿ ಗೆದ್ದದ್ದು ಒಂದೇ. ಹಿಲ್ ಎರಡೂ ಕಡೆ ಅದೇ ವೇಗದಲ್ಲಿ ಓಡುತ್ತಿದ್ದರು.

ಈಗಲ್ಸ್ ಕಥೆಯಲ್ಲಿ ಎಲ್ಲವೂ ಕೂಡಿಬಂತು. ಬ್ರೌನ್ ಅವರಿಗೆ ಆಗ 24 ವರ್ಷ. ಎಸೆಯುವ ಜೇಲನ್ ಹರ್ಟ್ಸ್ ಇನ್ನೂ ಮೊದಲ ಒಪ್ಪಂದದಲ್ಲಿದ್ದರು, ಸಂಬಳ ಅಗ್ಗ. ಮುಂದಿನ ಐವರು ಲೀಗಿನ ಅತ್ಯುತ್ತಮರಲ್ಲಿ ಸೇರಿದವರು. ಬ್ರೌನ್ ಒಂದು ತುದಿಯಲ್ಲಿ ನಿಂತದ್ದೇ ಇನ್ನೊಂದು ತುದಿಯ ಡೆವಾಂಟಾ ಸ್ಮಿತ್ 916 ಗಜದಿಂದ 1,196ಕ್ಕೆ ಏರಿದರು. ಅಗ್ಗದ ಸಂಬಳ ಏಕೆ ಮುಖ್ಯ ಎಂದರೆ, ಈ ಲೀಗಿನಲ್ಲಿ ಪ್ರತಿ ತಂಡಕ್ಕೂ ಒಟ್ಟು ವೇತನಕ್ಕೆ ಮಿತಿ ಇದೆ. 2022ರಲ್ಲಿ ಅದು 20.82 ಕೋಟಿ ಡಾಲರ್. ಬ್ರೌನ್ ಅವರಿಗೆ ನಾಲ್ಕು ವರ್ಷಕ್ಕೆ 10 ಕೋಟಿ ಡಾಲರ್ ಕೊಟ್ಟರೂ, ಹರ್ಟ್ಸ್ ಅವರ ಸಂಬಳ ಚಿಕ್ಕದಾದ್ದರಿಂದ ಬೇರೆ ಕಡೆ ಕತ್ತರಿ ಬೀಳಲಿಲ್ಲ.

ಬಿಟ್ಟುಕೊಟ್ಟ ತಂಡಗಳ ಕಡೆಯೂ ನೋಡಬೇಕು, ಅದನ್ನು ಎಲ್ಲರೂ ಮರೆಯುತ್ತಾರೆ. ಹಿಲ್ ಇಲ್ಲದ ಚೀಫ್ಸ್ ಆ ವರ್ಷವೇ ಸೂಪರ್ ಬೌಲ್ ಗೆದ್ದಿತು, ಮರುವರ್ಷವೂ ಗೆದ್ದಿತು. ಬ್ರೌನ್ ಇಲ್ಲದ ಟೆನೆಸಿ 12 ಗೆಲುವಿನಿಂದ 7ಕ್ಕೆ ಬಿತ್ತು. ಒಂದೆಡೆ ಎಸೆಯಲು ಪ್ಯಾಟ್ರಿಕ್ ಮಹೋಮ್ಸ್ ಇದ್ದರು, ಇನ್ನೊಂದೆಡೆ ಅಂಥವರು ಇರಲಿಲ್ಲ.

ನಿಮ್ಮ ಕೊನೆಯ ಪ್ರಶ್ನೆಗೆ ಬರುವ ಮೊದಲು ತಂಡಗಳ ಮುಂದೆ ಇರುವ ದಾರಿಗಳೇನು, ಅಪಾಯವೇನು ಎಂಬುದನ್ನೂ ಹೇಳಬೇಕು. ಸಿದ್ಧ ಆಟಗಾರನನ್ನು ತಂದರೆ ಎರಡು ಬೆಲೆ ತೆರಬೇಕು: ಡ್ರಾಫ್ಟ್ ಆಯ್ಕೆಗಳು ಒಂದು, ದೊಡ್ಡ ಸಂಬಳ ಇನ್ನೊಂದು. ಮೂರನೆಯ ಬೆಲೆ ಕೊನೆಗೆ ಬರುತ್ತದೆ. ಡಿಗ್ಸ್ ಹ್ಯೂಸ್ಟನ್‌ಗೆ ಹೋದ 2024ರಲ್ಲಿ, ಆಡದ ಆಟಗಾರನ ಲೆಕ್ಕದಲ್ಲಿ ಬಫಲೋದ ವೇತನ ಮಿತಿಯಿಂದ 3.1 ಕೋಟಿ ಡಾಲರ್ ಕಡಿತವಾಯಿತು.

ಎಳೆಯನನ್ನು ಡ್ರಾಫ್ಟ್‌ನಲ್ಲಿ ಆರಿಸಿದರೆ ನಾಲ್ಕು ವರ್ಷ ಸಂಬಳ ಕಡಿಮೆ, ಆದರೆ ಕಣ್ಣು ಕಟ್ಟಿ ಹಾರಿದಂತೆಯೇ. ಡಿಗ್ಸ್ ಅವರನ್ನು ಕೊಟ್ಟು ಪಡೆದ 22ನೆಯ ಆಯ್ಕೆಯಲ್ಲಿ ಮಿನೆಸೋಟ ಆರಿಸಿದ್ದು ಜಸ್ಟಿನ್ ಜೆಫರ್ಸನ್ ಅವರನ್ನು. ಮೊದಲ ವರ್ಷವೇ 1,400 ಗಜ, 2022ರಲ್ಲಿ 1,809. ಅದಕ್ಕೆ ಒಂದೇ ಸರದಿ ಮೊದಲು, 21ನೆಯ ಆಯ್ಕೆಯಲ್ಲಿ ಈಗಲ್ಸ್ ಆರಿಸಿದ್ದು ಜೇಲನ್ ರೇಗರ್ ಅವರನ್ನು. ಅವರು ನಿಲ್ಲಲಿಲ್ಲ. ಎರಡು ವರ್ಷದ ಮೇಲೆ ಬ್ರೌನ್ ಅವರಿಗಾಗಿ ಈಗಲ್ಸ್ ಅಷ್ಟು ಹಣ ತೆತ್ತದ್ದರ ಹಿಂದೆ ಆ ಆಯ್ಕೆಯೂ ಇದೆ. ಬ್ರೌನ್ ಬದಲಿಗೆ ಬಂದ 18ನೆಯ ಆಯ್ಕೆಯಲ್ಲಿ ಟೆನೆಸಿ ತಂದ ಟ್ರೇಲನ್ ಬರ್ಕ್ಸ್ ಮೊದಲ ವರ್ಷ ಗಳಿಸಿದ್ದು 444 ಗಜ. ಇನ್ನು ಜೆಫರ್ಸನ್ ಅಷ್ಟು ಮಿಂಚಿದರೂ 2020ರಲ್ಲಿ ಮಿನೆಸೋಟ 10 ಗೆಲುವಿನಿಂದ 7ಕ್ಕೆ ಇಳಿಯಿತು, ಏಕೆಂದರೆ ಆ ವರ್ಷ ಅದರ ರಕ್ಷಣೆ ಸೊರಗಿತ್ತು.

ಮೂರನೆಯ ದಾರಿ ಚೆಂಡನ್ನು ಹಲವರಿಗೆ ಹಂಚುವುದು, ಬಫಲೋ 2024ರಲ್ಲಿ ಮಾಡಿದಂತೆ. ಇದಕ್ಕೆ ಮಹೋಮ್ಸ್ ಅಥವಾ ಆಲೆನ್ ಬೇಕು. ಅವರಿದ್ದರೂ ಕಷ್ಟದ ದಿನಗಳು ಬರುತ್ತವೆ. 2023ರ ಚೀಫ್ಸ್ ರಿಸೀವರ್‌ಗಳು ಮೊದಲ ಪಂದ್ಯದಲ್ಲೇ ಕೈಗೆ ಬಂದ ಚೆಂಡುಗಳನ್ನು ಬಿಟ್ಟು ಡೆಟ್ರಾಯಿಟ್‌ಗೆ ಒಂದು ಅಂಕದಿಂದ ಸೋತರು. ಹತ್ತು ಗಜ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದರಲ್ಲಿ ಇನ್ನೂ ಎಂಟು ಗಜ ಬೇಕಾದಾಗ, ಯಾರಿಗೆ ಎಸೆಯುತ್ತಾರೆಂದು ಇಡೀ ಕ್ರೀಡಾಂಗಣಕ್ಕೆ ಗೊತ್ತಿದ್ದರೂ ಗೆಲ್ಲುವ ಒಬ್ಬ ಬೇಕಾಗುತ್ತಾನೆ. ಹಂಚುವ ತಂಡದಲ್ಲಿ ಅವನಿರುವುದಿಲ್ಲ.

ನನ್ನನ್ನು ಕೇಳಿದರೆ, ಎಳೆಯ ಕ್ವಾರ್ಟರ್‌ಬ್ಯಾಕ್ ಇರುವ, ಮುಂದಿನ ಐವರು ಗಟ್ಟಿಯಿರುವ ತಂಡ 27ರೊಳಗಿನ ರಿಸೀವರ್‌ಗೆ ಎಷ್ಟು ಕೊಟ್ಟರೂ ತಪ್ಪಲ್ಲ. ಐವರಲ್ಲೇ ತೂತಿದ್ದರೆ ಅದೇ ಹಣದಲ್ಲಿ ಮೊದಲು ಅದನ್ನು ಮುಚ್ಚಬೇಕು. ಮೂವತ್ತು ದಾಟಿದವನಿಗೆ ಒಂದು ವರ್ಷಕ್ಕಿಂತ ಹೆಚ್ಚು ಖಾತರಿ ಹಣ ಕೊಡುವ ಒಪ್ಪಂದ ಕಂಡರೆ ನನಗೆ ಭಯ.

ಹೊಸಬ ಬಂದಾಗ ನೋಡಬೇಕಾದ್ದು ಇಷ್ಟು. ಮೊದಲು, ಅವನ ಹಳೆಯ ತಂಡದಲ್ಲಿ ಎಸೆಯುತ್ತಿದ್ದವನು ಯಾರು, ಇಲ್ಲಿ ಎಸೆಯುವವನು ಯಾರು. ಮಹೋಮ್ಸ್ ಕೈಯಿಂದ ಗಳಿಸಿದ ಗಜ ಎಲ್ಲ ಕೈಗಳಿಂದಲೂ ಬರುವುದಿಲ್ಲ. ಎರಡನೆಯದು, ಅವನು ಗೆಲ್ಲುವ ಬಗೆ ಮತ್ತು ಎಸೆಯುವವನ ಬಲ ಹೊಂದುತ್ತವೆಯೇ. ದೂರ ಓಡುವವನನ್ನು ತಂದು, ಎರಡು ಸೆಕೆಂಡಿನಲ್ಲಿ ಕುಸಿಯುವ ಐವರ ಹಿಂದೆ ಎಸೆಯುವವನನ್ನು ನಿಲ್ಲಿಸಿದರೆ ಆ ಓಟ ವ್ಯರ್ಥ. ಋತು ಶುರುವಾದ ಮೇಲೆ ಅವನ ಗಜ ಎಣಿಸಬೇಡಿ. ತಂಡದ ಎರಡನೆಯ, ಮೂರನೆಯ ರಿಸೀವರ್‌ಗಳ ಗಜ ಹಿಂದಿನ ವರ್ಷಕ್ಕಿಂತ ಏರಿದೆಯೇ ನೋಡಿ. ಏರಿದ್ದರೆ ಅವನು ಎದುರಾಳಿಗಳನ್ನು ತನ್ನ ಕಡೆ ಎಳೆಯುತ್ತಿದ್ದಾನೆ ಎಂದರ್ಥ. ಅವನದು ಮಾತ್ರ ಏರಿ ಉಳಿದವರದು ಇಳಿದಿದ್ದರೆ, ಇದ್ದ ಎಸೆತಗಳೇ ಕೈ ಬದಲಾಯಿಸಿವೆ ಅಷ್ಟೆ.

ಉಳಿದದ್ದು ಮಾಸ್ ಅವರ ವಿಷಯ. ಮಗ ಎತ್ತಿದ್ದು ಬಲವಾದ ಉದಾಹರಣೆಯೇ. 2007ರಲ್ಲಿ ಪೇಟ್ರಿಯಟ್ಸ್ ಅವರನ್ನು ನಾಲ್ಕನೆಯ ಸುತ್ತಿನ ಒಂದೇ ಆಯ್ಕೆಗೆ ತಂದಿತು. ಅವರು ಹಿಡಿದ ಟಚ್‌ಡೌನ್‌ಗಳು 23, ಅದು ಇಂದಿಗೂ ದಾಖಲೆ. ತಂಡ 16ಕ್ಕೆ 16 ಗೆದ್ದಿತು, 589 ಅಂಕ ಗಳಿಸಿತು. ಆದರೆ ಹಿಂದಿನ ವರ್ಷವೇ ಅದು 12 ಗೆದ್ದಿತ್ತು, ಮತ್ತು 2007ರಲ್ಲೇ ಬಂದ ಇನ್ನೊಬ್ಬ ರಿಸೀವರ್ ವೆಸ್ ವೆಲ್ಕರ್ 112 ಬಾರಿ ಚೆಂಡು ಹಿಡಿದರು. ಮರುವರ್ಷ ಮೊದಲ ಪಂದ್ಯದಲ್ಲೇ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಮೊಣಕಾಲಿಗೆ ಗಾಯ ಮಾಡಿಕೊಂಡರು, ಅವರ ಬದಲು ಮ್ಯಾಟ್ ಕ್ಯಾಸಲ್ ಎಸೆದರು. ಮಾಸ್ ಅವರೇ, ವೆಲ್ಕರ್ ಅವರೇ, ತರಬೇತುದಾರರೂ ಅವರೇ. ಮಾಸ್ ಅವರ ಟಚ್‌ಡೌನ್ 11ಕ್ಕೆ ಇಳಿಯಿತು, ತಂಡದ ಅಂಕ 410ಕ್ಕೆ. ಬದಲಾದದ್ದು ಎಸೆಯುವ ಕೈ ಒಂದೇ. ಹಾಗಿದ್ದೂ ಆ ತಂಡ 11 ಪಂದ್ಯ ಗೆದ್ದಿತು ಎಂಬುದನ್ನೂ ಮಗನಿಗೆ ಹೇಳಿ. ಅನುಭವವಿಲ್ಲದ ಕ್ಯಾಸಲ್ ಅವರಿಗೆ ಮಾಸ್ ಇಲ್ಲದಿದ್ದರೆ ಅಷ್ಟು ಗೆಲುವು ಸಿಗುತ್ತಿರಲಿಲ್ಲ ಎಂದು ಅವನು ವಾದಿಸಿದರೆ, ನಾನು ಅವನ ಪಕ್ಷವೇ.